ಇಮ್ಯೂನಿಟಿ ಜಾಸ್ತಿ ಆಗೋಕೆ ಏನು ತಗೋಬೇಕು? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ನೀನು ಏನು ಕೆಲಸ ಮಾಡೋದು ಅಂತ ಯಾರಾದರೂ ಕೇಳಿದರೆ ನನ್ನ ಹತ್ತಿರ ಒಂದು ಸಿದ್ಧ ಉತ್ತರ ಇದೆ. ಸೋಂಕು ತಗುಲಿದಾಗ ಜೀವಕೋಶದ ಒಳಗೆ ಸುದ್ದಿ ಹೇಗೆ ದಾಟುತ್ತದೆ ಅಂತ ನೋಡುತ್ತೇನೆ, ಆ ಕೆಲಸದಲ್ಲಿ ಯುಬಿಕ್ವಿಟಿನ್ ಅನ್ನೋ ಸಣ್ಣ ಪ್ರೋಟೀನಿನ ಪಾತ್ರ ಏನು ಅಂತ ಹುಡುಕುತ್ತೇನೆ. ಯುಬಿಕ್ವಿಟಿನ್ ಅನ್ನುವಷ್ಟರಲ್ಲಿ ಕೇಳಿದವರ ಗಮನ ಬೇರೆಲ್ಲೋ ಹೋಗಿರುತ್ತದೆ. ಸೋಂಕು ಅನ್ನೋದೊಂದು ಮಾತ್ರ ಕಿವಿಗೆ ಬಿದ್ದಿರುತ್ತದೆ. ಮುಂದಿನ ಪ್ರಶ್ನೆ ಏನು ಅಂತ ನನಗೆ ಮೊದಲೇ ಗೊತ್ತು.

"ಹಾಗಾದ್ರೆ ಇಮ್ಯೂನಿಟಿ ಜಾಸ್ತಿ ಆಗೋಕೆ ಏನು ತಗೋಬೇಕು ಹೇಳಮ್ಮಾ."

ಚಿಕ್ಕಮ್ಮ ಕೇಳಿದ್ದಾರೆ, ಮನೆ ಓನರ್ ಕೇಳಿದ್ದಾರೆ, ಬ್ಯಾಂಕಿನಲ್ಲಿ ಪಾಸ್‌ಬುಕ್ ಎಂಟ್ರಿ ಮಾಡಿಕೊಡುವವರೂ ಕೇಳಿದ್ದಾರೆ. ಕೊರೊನಾ ಬಂದ ಮೇಲಂತೂ ಕೇಳೋದೇ ಬೇಡ. ಅರಿಶಿನದ ಹಾಲಿನಿಂದ ಹಿಡಿದು ಬ್ರೆಡ್ಡಿನವರೆಗೆ ಎಲ್ಲದರ ಮೇಲೂ 'ಇಮ್ಯೂನಿಟಿ ಬೂಸ್ಟರ್' ಅಂತ ಅಚ್ಚಾಯಿತು.

ನನ್ನ ಚಿಕ್ಕ ಉತ್ತರ: ಜಾಸ್ತಿ ಆಗೋದು ಬೇಡ. ಹೊತ್ತಿಗೆ ಸರಿಯಾಗಿ ಶುರುವಾಗಬೇಕು, ಹೊತ್ತಿಗೆ ಸರಿಯಾಗಿ ನಿಲ್ಲಬೇಕು. ಇಷ್ಟಕ್ಕೆ ಯಾರಿಗೂ ಸಮಾಧಾನ ಆಗೋದಿಲ್ಲ ಅಂತ ಗೊತ್ತು. ಅದಕ್ಕೇ ಈ ಉದ್ದದ ಉತ್ತರ.

1986ರಲ್ಲಿ ಅಮೆರಿಕದಲ್ಲಿ ರಂಜನ್ ಸೇನ್ ಮತ್ತು ಡೇವಿಡ್ ಬಾಲ್ಟಿಮೋರ್ ಒಂದು ಪ್ರೋಟೀನನ್ನು ಕಂಡುಹಿಡಿದರು. ಹೆಸರು ಎನ್‌ಎಫ್-ಕಪ್ಪಾಬಿ. ಹೆಸರು ಮರೆತರೂ ಪರವಾಗಿಲ್ಲ, ಕೆಲಸ ನೆನಪಿರಲಿ. ಗಾಯ ಕೆಂಪಾಗಿ ಊದಿಕೊಳ್ಳುವುದು (ಉರಿಯೂತ ಅನ್ನೋದು ಇದನ್ನೇ), ಜ್ವರ ಬರುವುದು, ಬಿಳಿ ರಕ್ತಕಣಗಳು ಸೋಂಕಿನ ಜಾಗಕ್ಕೆ ಓಡಿ ಬರುವುದು, ಇವಕ್ಕೆಲ್ಲ ಬೇಕಾದ ನೂರಾರು ಜೀನ್‌ಗಳನ್ನು ಚಾಲೂ ಮಾಡುವುದು ಇದೇ. ಸುಮ್ಮನಿರುವ ಜೀವಕೋಶದಲ್ಲಿ ಇದು ನ್ಯೂಕ್ಲಿಯಸ್ಸಿನ ಹೊರಗೆ ಇರುತ್ತದೆ. ಐ-ಕಪ್ಪಾಬಿ ಅನ್ನೋ ಇನ್ನೊಂದು ಪ್ರೋಟೀನು ಅದನ್ನು ಅಲ್ಲೇ ಹಿಡಿದಿಟ್ಟಿರುತ್ತದೆ. ಬ್ಯಾಕ್ಟೀರಿಯಾದ ಒಂದು ಚೂರು ಕೋಶದ ಹೊರಮೈಗೆ ತಾಗಿದರೆ ಸಾಕು, ಒಳಗೆ ಐಕೆಕೆ ಅನ್ನೋ ಕಿಣ್ವ ಎದ್ದು ಐ-ಕಪ್ಪಾಬಿಗೆ ಫಾಸ್ಫೇಟ್ ಹಚ್ಚುತ್ತದೆ. ಫಾಸ್ಫೇಟ್ ಬಿದ್ದ ಪ್ರೋಟೀನಿಗೆ ಯುಬಿಕ್ವಿಟಿನ್ನಿನ ಸರಪಳಿ ಬೀಳುತ್ತದೆ. ಸರಪಳಿ ಬಿದ್ದದ್ದು ಪ್ರೋಟಿಯಸೋಮ್ ಅನ್ನೋ ಯಂತ್ರಕ್ಕೆ ಹೋಗಿ ಚೂರುಚೂರಾಗುತ್ತದೆ. ಹಿಡಿದಿಟ್ಟವನು ಹೋದ ಮೇಲೆ ಎನ್‌ಎಫ್-ಕಪ್ಪಾಬಿ ಬಿಡುಗಡೆಯಾಗಿ ನ್ಯೂಕ್ಲಿಯಸ್ಸಿಗೆ ನುಗ್ಗುತ್ತದೆ. ಲ್ಯಾಬಿನಲ್ಲಿ ಕೋಶಗಳಿಗೆ ಟಿಎನ್‌ಎಫ್ ಅನ್ನೋ ಉರಿಯೂತದ ಸಂದೇಶಕವನ್ನು ಹಾಕಿ ನೋಡಿದರೆ ಹತ್ತು ಹದಿನೈದು ನಿಮಿಷದಲ್ಲಿ ಐ-ಕಪ್ಪಾಬಿ ಹೆಚ್ಚುಕಡಿಮೆ ಮಾಯ.

ಈಗ ಯುಬಿಕ್ವಿಟಿನ್ ವಿಷಯ. ಅದರಲ್ಲಿ 76 ಅಮೈನೋ ಆಮ್ಲಗಳಿವೆ, ಅಷ್ಟೇ. ಬ್ರೆಡ್ ಉಬ್ಬಿಸುವ ಯೀಸ್ಟಿನ ಯುಬಿಕ್ವಿಟಿನ್ನಿಗೂ ನಿಮ್ಮ ನನ್ನ ಯುಬಿಕ್ವಿಟಿನ್ನಿಗೂ ಮೂರೇ ಮೂರು ಕಡೆ ವ್ಯತ್ಯಾಸ. ಕೋಟಿಗಟ್ಟಲೆ ವರ್ಷಗಳಲ್ಲಿ ಇಷ್ಟು ಕಡಿಮೆ ಬದಲಾಗಿದೆ ಅಂದರೆ ಇದನ್ನು ಮುಟ್ಟಿದರೆ ಕೋಶಕ್ಕೆ ಉಳಿಗಾಲ ಇಲ್ಲ ಅಂತ ಅರ್ಥ. ಬೇಡದ ಪ್ರೋಟೀನಿಗೆ ಇದನ್ನು ಅಂಟಿಸಿ ನಾಶಕ್ಕೆ ಕಳಿಸುವ ಕ್ರಮವನ್ನು ತೋರಿಸಿಕೊಟ್ಟ ಆರನ್ ಚೆಖನೋವರ್, ಅವ್ರಾಮ್ ಹರ್ಷ್ಕೊ ಮತ್ತು ಇರ್ವಿನ್ ರೋಸ್ ಅವರಿಗೆ 2004ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಹಾಗಾಗಿ ತುಂಬಾ ಕಾಲ ಎಲ್ಲರ ತಲೆಯಲ್ಲೂ ಒಂದೇ ಲೆಕ್ಕ: ಯುಬಿಕ್ವಿಟಿನ್ ಬಿತ್ತು ಅಂದರೆ ಆ ಪ್ರೋಟೀನಿನ ಕಥೆ ಮುಗಿಯಿತು.

ಈ ಲೆಕ್ಕ ತಪ್ಪು ಅಂತ ತೋರಿಸಿದವರಲ್ಲಿ ಮುಖ್ಯರು ಜಿಜಿಯಾನ್ ಚೆನ್. ಚೀನಾದ ಫುಜಿಯಾನ್ ಪ್ರಾಂತ್ಯದವರು. ಅಮೆರಿಕದ ಬಫೆಲೊದಲ್ಲಿ ಸೆಸಿಲ್ ಪಿಕಾರ್ಟ್ ಅವರ ಹತ್ತಿರ ಯುಬಿಕ್ವಿಟಿನ್ ಬಗ್ಗೆಯೇ ಪಿಎಚ್‌ಡಿ ಮಾಡಿದರು. ತೊಂಬತ್ತರ ದಶಕದಲ್ಲಿ ಪ್ರೋಸ್ಕ್ರಿಪ್ಟ್ ಅನ್ನೋ ಸಣ್ಣ ಕಂಪನಿಯಲ್ಲಿದ್ದರು. (ಪ್ರೋಟಿಯಸೋಮನ್ನು ತಡೆಯುವ ಬೋರ್ಟೆಜೊಮಿಬ್ ಔಷಧಿಯ ಹುಟ್ಟೂರು ಅದೇ ಕಂಪನಿ. ಮಲ್ಟಿಪಲ್ ಮೈಲೋಮಾ ಅನ್ನೋ ರಕ್ತದ ಕ್ಯಾನ್ಸರಿಗೆ ಅದನ್ನು 2003ರಿಂದ ಕೊಡುತ್ತಿದ್ದಾರೆ. ನಮ್ಮ ಕೆಲಸದಿಂದ ಏನು ಪ್ರಯೋಜನ ಅಂತ ಕೇಳುವವರಿಗೆ ನಾನು ಮೊದಲು ಹೇಳುವ ಹೆಸರು ಇದು.) 1996ರಲ್ಲಿ ಚೆನ್ ಮತ್ತು ಹಾರ್ವರ್ಡಿನ ಟಾಮ್ ಮನಿಯಾಟಿಸ್ ಒಂದು ವಿಚಿತ್ರ ಫಲಿತಾಂಶ ಪ್ರಕಟಿಸಿದರು. ಐ-ಕಪ್ಪಾಬಿಗೆ ಫಾಸ್ಫೇಟ್ ಹಚ್ಚುತ್ತದಲ್ಲ, ಆ ಕಿಣ್ವ ಎಚ್ಚರಗೊಳ್ಳುವುದಕ್ಕೇ ಯುಬಿಕ್ವಿಟಿನ್ ಬೇಕು. ಆದರೆ ಆ ಹಂತದಲ್ಲಿ ಏನೂ ನಾಶ ಆಗುತ್ತಿಲ್ಲ. ನಾಶದ ಗುರುತು ಅಂತ ಹೆಸರಾದದ್ದು ಇಲ್ಲಿ ಚಾಲನೆ ಕೊಡುತ್ತಿದೆ.

ಮರುವರ್ಷ ಚೆನ್ ಡಲ್ಲಾಸ್‌ಗೆ ಹೋಗಿ ಸ್ವಂತ ಲ್ಯಾಬ್ ಶುರು ಮಾಡಿದರು. ಅವರ ವಿಧಾನ ನನಗೆ ತುಂಬಾ ಇಷ್ಟ, ಯಾಕೆಂದರೆ ಅದು ಹಳೇ ಕಾಲದ್ದು. ಹೀಲಾ ಅನ್ನೋ, ಲ್ಯಾಬಿನಲ್ಲಿ ಬೆಳೆಯುವ ಮನುಷ್ಯರ ಕೋಶಗಳನ್ನು ರಾಶಿರಾಶಿ ಬೆಳೆಸಿ ಒಡೆದು ರಸ ತೆಗೆಯುವುದು. ಆ ರಸವನ್ನು ಕಾಲಂ ಅನ್ನೋ ಸೋಸುವ ಕೊಳವೆಯಲ್ಲಿ ಹರಿಸಿ ಭಾಗ ಮಾಡುವುದು. ಯಾವ ಭಾಗಕ್ಕೆ ಕಿಣ್ವವನ್ನು ಎಬ್ಬಿಸುವ ಶಕ್ತಿ ಇದೆ ಅಂತ ಪರೀಕ್ಷಿಸುವುದು. ಅದನ್ನೇ ಇನ್ನೊಂದು ಕಾಲಂಗೆ ಹಾಕುವುದು, ಮತ್ತೆ ಇನ್ನೊಂದಕ್ಕೆ. ಕೊನೆಗೆ ಕೈಯಲ್ಲಿ ಉಳಿಯುವುದು ಒಂದೋ ಎರಡೋ ಪ್ರೋಟೀನು. ಇದೆಲ್ಲ ನಾಲ್ಕು ಡಿಗ್ರಿಯ ಕೋಲ್ಡ್ ರೂಮಿನಲ್ಲಿ ಸ್ವೆಟರ್ ಹಾಕಿಕೊಂಡು ಮಾಡುವ ಕೆಲಸ. ಇಂಥದ್ದಕ್ಕೆ ಈಗಿನ ಹುಡುಗರಿಗೆ ತಾಳ್ಮೆ ಇಲ್ಲ ಅಂತ ನಾವು ಹೇಳುತ್ತೇವೆ. ನಮ್ಮ ಕಾಲದಲ್ಲೂ ಎಷ್ಟು ಜನಕ್ಕಿತ್ತು, ಬಿಡಿ.

ಹೀಗೆ ಸೋಸಿ 2000ದಲ್ಲಿ ಅವರಿಗೆ ಸಿಕ್ಕಿದ್ದು ಒಂದು ಜೋಡಿ ಕಿಣ್ವ. ಅದು ಯುಬಿಕ್ವಿಟಿನ್ನುಗಳನ್ನು ಒಂದಕ್ಕೊಂದು ಪೋಣಿಸುತ್ತದೆ, ಆದರೆ ಬೇರೆ ಜಾಗದಿಂದ. ಯುಬಿಕ್ವಿಟಿನ್ನಿನ ಮೈಮೇಲೆ ಲೈಸಿನ್ ಅನ್ನೋ ಅಮೈನೋ ಆಮ್ಲ ಏಳು ಕಡೆ ಇದೆ. ಮುಂದಿನ ಯುಬಿಕ್ವಿಟಿನ್ ಆ ಏಳರಲ್ಲಿ ಎಲ್ಲಿಗಾದರೂ ಅಂಟಬಹುದು, ತಲೆಯ ತುದಿಗೂ ಅಂಟಬಹುದು. 48ನೇ ಜಾಗದಿಂದ ಬೆಳೆದ ಸರಪಳಿ ನಾಶಕ್ಕೆ ಕಳಿಸುತ್ತದೆ. 63ನೇ ಜಾಗದಿಂದ ಬೆಳೆದದ್ದು ನಾಶ ಮಾಡುವುದಿಲ್ಲ. ಅದರ ಮೇಲೆ ಬೇರೆ ಬೇರೆ ಕಿಣ್ವಗಳು ಬಂದು ಹತ್ತಿರ ಹತ್ತಿರ ಕೂರುತ್ತವೆ, ಒಂದು ಇನ್ನೊಂದನ್ನು ಎಬ್ಬಿಸುತ್ತದೆ. ಪಂಚೆ ಇದ್ದ ಹಾಗೆ ಅಂದುಕೊಳ್ಳಿ. ಬಟ್ಟೆ ಒಂದೇ. ಕಾಲ ತುಂಬ ಇಳಿಬಿಟ್ಟು ಉಟ್ಟವರು ದೇವಸ್ಥಾನಕ್ಕೆ ಹೊರಟಿದ್ದಾರೆ, ಮೊಣಕಾಲ ಮೇಲೆ ಎತ್ತಿ ಕಟ್ಟಿದವರು ಗದ್ದೆಗೆ ಇಳಿಯುತ್ತಿದ್ದಾರೆ, ಕಚ್ಚೆ ಹಾಕಿದವರು ಮದುವೆಮನೆಯ ಅಡುಗೆಗೆ ಬಂದಿದ್ದಾರೆ. ಉಟ್ಟ ರೀತಿ ನೋಡಿದರೆ ಕೆಲಸ ಗೊತ್ತಾಗುತ್ತದೆ. ಜೀವಕೋಶವೂ ಸರಪಳಿ ಕಟ್ಟಿದ ರೀತಿಯನ್ನೇ ನೋಡುತ್ತದೆ. 2006ರಲ್ಲಿ ಜಪಾನಿನ ಕಝುಹಿರೊ ಇವಾಯ್ ಅವರ ಗುಂಪು ಇನ್ನೊಂದು ರೀತಿಯನ್ನು ತೋರಿಸಿತು. ತಲೆಗೆ ಬಾಲ ಸೇರಿಸಿ ನೆಟ್ಟಗೆ ಬೆಳೆಸುವ ಸರಪಳಿ ಅದು. ಉರಿಯೂತದ ದಾರಿಯಲ್ಲಿ ಅದಕ್ಕೂ ದೊಡ್ಡ ಕೆಲಸ ಇದೆ.

ಇಲ್ಲೊಂದು ಲ್ಯಾಬಿನ ಮಾತು. ಪ್ರೋಟೀನುಗಳನ್ನು ಜೆಲ್‌ನಲ್ಲಿ ಗಾತ್ರದ ಪ್ರಕಾರ ಬೇರ್ಪಡಿಸಿ ನೋಡುವ ವಿಧಾನಕ್ಕೆ ವೆಸ್ಟರ್ನ್ ಬ್ಲಾಟ್ ಅಂತಾರೆ. ಸಾಮಾನ್ಯ ಪ್ರೋಟೀನು ಅದರಲ್ಲಿ ಒಂದು ಅಚ್ಚುಕಟ್ಟಾದ ಗೆರೆಯಾಗಿ ಕಾಣುತ್ತದೆ. ಯುಬಿಕ್ವಿಟಿನ್ ಅಂಟಿದ ಪ್ರೋಟೀನು ಹಾಗಲ್ಲ. ಒಂದಕ್ಕೆ ಎರಡು ಅಂಟಿರುತ್ತದೆ, ಇನ್ನೊಂದಕ್ಕೆ ಎಂಟು. ಹಾಗಾಗಿ ಕೆಳಗಿನಿಂದ ಮೇಲಿನವರೆಗೆ ಇದ್ದಿಲು ಉಜ್ಜಿದಂಥ ಕಲೆ ಬರುತ್ತದೆ. ಹೊಸದಾಗಿ ಸೇರಿದ ವಿದ್ಯಾರ್ಥಿಗಳು ಜೆಲ್ ಹಾಳಾಯಿತು ಅಂತ ಎಸೆಯೋಕೆ ಹೋಗುತ್ತಾರೆ. ನಮಗೆ ಬೇಕಾದದ್ದು ಆ ಕಲೆಯೇ. ಕೋಶ ಒಡೆದ ತಕ್ಷಣ ಸರಪಳಿ ಬಿಚ್ಚುವ ಕಿಣ್ವಗಳನ್ನು ಕಟ್ಟಿಹಾಕುವ ರಾಸಾಯನಿಕ ಹಾಕದೇ ಹೋದರೆ ಆ ಕಲೆಯೂ ಸಿಗೋದಿಲ್ಲ, ನೋಡುನೋಡುತ್ತಲೇ ಎಲ್ಲ ಬಿಚ್ಚಿಹೋಗಿರುತ್ತದೆ.

ಬಿಚ್ಚುವ ಕಿಣ್ವಗಳು ಅಂದೆನಲ್ಲ, ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಅಲ್ಲೇ. ಮನುಷ್ಯರಲ್ಲಿ ಯುಬಿಕ್ವಿಟಿನ್ನನ್ನು ಎಲ್ಲಿ ಅಂಟಿಸಬೇಕು ಅಂತ ಆರಿಸುವ ಕಿಣ್ವಗಳು ಆರುನೂರಕ್ಕೂ ಜಾಸ್ತಿ ಇವೆ. ಅಂಟಿದ್ದನ್ನು ಬಿಚ್ಚುವವು ಸುಮಾರು ನೂರು. ಎನ್‌ಎಫ್-ಕಪ್ಪಾಬಿ ನ್ಯೂಕ್ಲಿಯಸ್ಸಿಗೆ ಹೋದ ಕೂಡಲೇ ಚಾಲೂ ಮಾಡುವ ಜೀನ್‌ಗಳಲ್ಲಿ ಎರಡನ್ನು ಗಮನಿಸಿ. ಒಂದು ಐ-ಕಪ್ಪಾಬಿಯ ಜೀನ್. ಅಂದರೆ ತನ್ನನ್ನು ಮತ್ತೆ ಹಿಡಿದಿಡುವವನನ್ನು ತಾನೇ ತಯಾರು ಮಾಡಿಸುತ್ತದೆ. ಸುಮಾರು ಒಂದು ಗಂಟೆಯಲ್ಲಿ ಐ-ಕಪ್ಪಾಬಿ ವಾಪಸ್ ಬಂದಿರುತ್ತದೆ. ಇನ್ನೊಂದು ಎ20 ಅನ್ನೋ ಪ್ರೋಟೀನಿನ ಜೀನ್. ಇದು ಯುಬಿಕ್ವಿಟಿನ್ ಸರಪಳಿಗಳ ಹತ್ತಿರ ಹೋಗಿ ಇಡೀ ಸಂದೇಶವನ್ನು ತಣ್ಣಗೆ ಮಾಡುತ್ತದೆ. ಬೆಂಕಿ ಹಚ್ಚುವ ಆದೇಶದಲ್ಲೇ ಆರಿಸುವ ಆದೇಶವೂ ಸೇರಿದೆ.

ಎ20 ಇಲ್ಲದಿದ್ದರೆ ಏನಾಗುತ್ತದೆ? ಆ ಜೀನ್ ತೆಗೆದ ಇಲಿಗಳನ್ನು 2000ದಲ್ಲಿ ತಯಾರಿಸಿ ನೋಡಿದರು. ಅಂಗಾಂಗಗಳಲ್ಲೆಲ್ಲ ಉರಿಯೂತ ಎದ್ದು ಮರಿಗಳು ಎಳೆ ವಯಸ್ಸಿನಲ್ಲೇ ಸತ್ತವು. 2016ರಲ್ಲಿ ಮನುಷ್ಯರಲ್ಲೂ ಸಿಕ್ಕಿತು. ಎ20ರ ಎರಡು ಪ್ರತಿಗಳಲ್ಲಿ ಒಂದು ಕೆಟ್ಟಿದ್ದ ಕುಟುಂಬಗಳವು. ಚಿಕ್ಕ ವಯಸ್ಸಿನಿಂದಲೇ ಬಾಯಿಹುಣ್ಣು, ಗುಪ್ತಾಂಗದಲ್ಲಿ ಹುಣ್ಣು, ಪದೇ ಪದೇ ಜ್ವರ, ಕೀಲುನೋವು. ಅದೇ ವರ್ಷ ಇನ್ನೊಂದು ಬಿಚ್ಚುವ ಕಿಣ್ವ ಕೆಟ್ಟ ಮಕ್ಕಳ ವರದಿಯೂ ಬಂತು. ಅದು ಓಟುಲಿನ್, ನೆಟ್ಟಗಿನ ಸರಪಳಿಯನ್ನು ಮಾತ್ರ ಕತ್ತರಿಸುವಂಥದ್ದು. ಈ ಮಕ್ಕಳ ಇಮ್ಯೂನಿಟಿ ಬೇಕಾದಷ್ಟು ಜಾಸ್ತಿಯೇ ಇದೆ. ಜಾಹೀರಾತಿನ ಭಾಷೆಯಲ್ಲಿ ಹೇಳುವುದಾದರೆ ಅವರದು ಹುಟ್ಟಿನಿಂದಲೇ ಬೂಸ್ಟ್ ಆಗಿದೆ.

ಇದಕ್ಕಿಂತ ನನ್ನನ್ನು ಕಾಡಿದ್ದು 2012ರ ಒಂದು ವರದಿ. ನೆಟ್ಟಗಿನ ಸರಪಳಿ ಹೆಣೆಯುವ ಯಂತ್ರದಲ್ಲಿ ಹೋಯಿಲ್-1 ಅನ್ನೋ ಒಂದು ಭಾಗ ಇದೆ. ಅದು ಇಲ್ಲದೇ ಹುಟ್ಟಿದ ಮಕ್ಕಳು. ಸರಪಳಿ ಸರಿಯಾಗಿ ಆಗೋದಿಲ್ಲ, ಅಂದಮೇಲೆ ಸಂದೇಶ ಕಮ್ಮಿಯಾಗಬೇಕು, ಸೋಂಕು ಜಾಸ್ತಿಯಾಗಬೇಕು ಅಲ್ವಾ? ಸೋಂಕು ಜಾಸ್ತಿಯಾಯಿತು, ನಿಜ. ಬ್ಯಾಕ್ಟೀರಿಯಾ ಮೈಯೆಲ್ಲ ಹರಡುವಂಥ ಸೋಂಕು. ಆದರೆ ಅದೇ ಮಕ್ಕಳಿಗೆ ಯಾವ ಸೋಂಕೂ ಇಲ್ಲದಾಗಲೂ ಉರಿಯೂತ, ಜ್ವರ. ಕೋಶಗಳನ್ನು ತೆಗೆದು ನೋಡಿದರೆ ಚರ್ಮದಿಂದ ಬೆಳೆಸಿದ ಫೈಬ್ರೋಬ್ಲಾಸ್ಟ್ ಅನ್ನೋ ಕೋಶಗಳು ಸಂದೇಶಕ್ಕೆ ಸರಿಯಾಗಿ ಸ್ಪಂದಿಸುತ್ತಲೇ ಇರಲಿಲ್ಲ. ರಕ್ತದ ಮಾನೋಸೈಟ್ ಅನ್ನೋ ಬಿಳಿ ಕಣಗಳು ಅದೇ ಸಂದೇಶಕ್ಕೆ ಅತಿಯಾಗಿ ಸ್ಪಂದಿಸುತ್ತಿದ್ದವು. ಒಂದೇ ಮಗು, ಒಂದೇ ಜೀನಿನ ದೋಷ. ಒಂದು ಕೋಶದಲ್ಲಿ ಕಮ್ಮಿ, ಇನ್ನೊಂದರಲ್ಲಿ ಜಾಸ್ತಿ. ಈ ಮಗುವಿನ ಇಮ್ಯೂನಿಟಿ ಎಷ್ಟು ಅಂತ ನನ್ನನ್ನು ಕೇಳಿದರೆ ನಾನು ಏನು ಹೇಳಲಿ? ಶುಗರ್ ಅಥವಾ ಬಿಪಿ ಹಾಗೆ ಅದಕ್ಕೊಂದು ನಂಬರ್ ಇಲ್ಲ. ನಂಬರೇ ಇಲ್ಲದ್ದನ್ನು ಜಾಸ್ತಿ ಮಾಡ್ತೀವಿ ಅಂತ ಡಬ್ಬಿ ಮಾರುವವರಿಗೆ ಮಾತ್ರ ಅದು ಸುಲಭ.

ಚೆನ್ ಅವರ ಮುಂದಿನ ಕೆಲಸವೂ ಇದೇ ಕಡೆ ಬೆರಳು ತೋರಿಸುತ್ತದೆ. 2013ರಲ್ಲಿ ಅವರ ಲ್ಯಾಬ್ ಸಿಗ್ಯಾಸ್ ಅನ್ನೋ ಕಿಣ್ವವನ್ನು ಕಂಡುಹಿಡಿಯಿತು. ನ್ಯೂಕ್ಲಿಯಸ್ಸಿನ ಹೊರಗೆ, ಇರಬಾರದ ಜಾಗದಲ್ಲಿ ಡಿಎನ್‌ಎ ಕಂಡರೆ ವೈರಸ್ ಬಂತು ಅಂತ ಗಂಟೆ ಬಾರಿಸುವುದು ಇದೇ. 2024ರಲ್ಲಿ ಅವರಿಗೆ ವೈದ್ಯಕೀಯ ಸಂಶೋಧನೆಗೆ ಕೊಡುವ ಲಾಸ್ಕರ್ ಪ್ರಶಸ್ತಿ ಬಂದದ್ದು ಈ ಶೋಧಕ್ಕೆ. ಈಗ ಇನ್ನೊಂದು ವಿಷಯ ಸೇರಿಸಿ. ನಮ್ಮದೇ ಡಿಎನ್‌ಎಯ ಚೂರುಗಳನ್ನು ಗುಡಿಸಿ ತೆಗೆಯುವ ಟ್ರೆಕ್ಸ್1 ಅನ್ನೋ ಕಿಣ್ವ ಇದೆ. ಅದಿಲ್ಲದ ಇಲಿಗಳು ಉರಿಯೂತದಿಂದ ಸಾಯುತ್ತವೆ. ಆ ಇಲಿಗಳಲ್ಲಿ ಸಿಗ್ಯಾಸನ್ನೂ ತೆಗೆದರೆ ಬದುಕಿಕೊಳ್ಳುತ್ತವೆ ಅಂತ 2015ರಲ್ಲಿ ತೋರಿಸಿದರು. ರೋಗನಿರೋಧಕ ವ್ಯವಸ್ಥೆಯ ಒಂದು ತುಂಡನ್ನೇ ಕಿತ್ತು ಹಾಕಿದ್ದಕ್ಕೆ ಅವು ಉಳಿದವು.

ಇಲಿ ಕಥೆ ಯಾಕೆ, ಕೊರೊನಾ ನಮ್ಮ ಕಣ್ಣೆದುರೇ ನಡೆಯಿತು. ವೈರಸ್ಸಿನ ಆರ್‌ಎನ್‌ಎ ಕೋಶದ ಒಳಗೆ ಕಂಡಾಗ ಮೈಟೋಕಾಂಡ್ರಿಯಾದ ಮೇಲಿರುವ ಮಾವ್ಸ್ ಅನ್ನೋ ಪ್ರೋಟೀನು ಇಂಟರ್‌ಫೆರಾನ್ ಅನ್ನೋ, ವೈರಸ್ಸನ್ನು ತಡೆಯುವ ಪ್ರೋಟೀನನ್ನು ತಯಾರಿಸಲು ಸಂದೇಶ ಕಳಿಸುತ್ತದೆ. 2005ರಲ್ಲಿ ಬೇರೆ ಬೇರೆಯಾಗಿ ಇದನ್ನು ಕಂಡುಹಿಡಿದ ನಾಲ್ಕು ಗುಂಪುಗಳಲ್ಲಿ ಚೆನ್ ಲ್ಯಾಬ್ ಕೂಡ ಒಂದು. ಆ ದಾರಿಯಲ್ಲೂ ಯುಬಿಕ್ವಿಟಿನ್ ಇದೆ. ಕೊರೊನಾ ವೈರಸ್ಸಿಗೆ ಇದು ಗೊತ್ತಿರುವಂತಿದೆ. ಅದರದೇ ಒಂದು ಕಿಣ್ವ ಯುಬಿಕ್ವಿಟಿನ್ನನ್ನೂ ಅದರ ದಾಯಾದಿಯಂಥ ಐಎಸ್‌ಜಿ15 ಅನ್ನೂ ಕತ್ತರಿಸಿ ಹಾಕುತ್ತದೆ. ತೀವ್ರವಾಗಿ ಕಾಯಿಲೆ ಬಿದ್ದವರಲ್ಲಿ ಸುಮಾರು ನೂರಕ್ಕೆ ಹತ್ತು ಮಂದಿಯ ರಕ್ತದಲ್ಲಿ ತಮ್ಮದೇ ಇಂಟರ್‌ಫೆರಾನಿನ ವಿರುದ್ಧ ಆಂಟಿಬಾಡಿ ಇತ್ತು ಅಂತ 2020ರಲ್ಲಿ ವರದಿಯಾಯಿತು. ಅಂದರೆ ಮೊದಲ ದಿನಗಳಲ್ಲಿ ಬೇಕಾಗಿದ್ದದ್ದು ಅವರಿಗೆ ಸಿಗಲಿಲ್ಲ. ಆಮೇಲೆ ಬೇಡದ ಉರಿಯೂತ ಶ್ವಾಸಕೋಶವನ್ನು ತುಂಬಿತು. ಆಗ ಜೀವ ಉಳಿಸಿದ ಔಷಧಿ ಯಾವುದು? ಡೆಕ್ಸಾಮೆಥಸೋನ್. ಇಮ್ಯೂನಿಟಿಯನ್ನು ತಗ್ಗಿಸುವ, ಅಗ್ಗದ, ಹಳೇ ಸ್ಟೀರಾಯ್ಡ್. ಬ್ರಿಟನ್ನಿನ ರಿಕವರಿ ಪ್ರಯೋಗದಲ್ಲಿ ವೆಂಟಿಲೇಟರ್ ಮೇಲಿದ್ದವರ ಸಾವು ಮೂರನೇ ಒಂದು ಭಾಗದಷ್ಟು ಇಳಿಯಿತು. ಆಕ್ಸಿಜನ್ ಮೇಲಿದ್ದವರಲ್ಲಿ ಐದನೇ ಒಂದು ಭಾಗ. ಆಕ್ಸಿಜನ್ ಬೇಕಿಲ್ಲದವರಿಗೆ ಕೊಟ್ಟಾಗ ಏನೂ ಲಾಭ ಆಗಲಿಲ್ಲ. ಅದೇ ಮಾತ್ರೆಯನ್ನು ಮೊದಲ ದಿನವೇ ಮೆಡಿಕಲ್ ಶಾಪಿನಿಂದ ತಂದು ನುಂಗಿದವರು ನಮ್ಮಲ್ಲಿ ಕಮ್ಮಿ ಇರಲಿಲ್ಲ. 2021ರ ಬೇಸಿಗೆಯಲ್ಲಿ ಕಪ್ಪು ಶಿಲೀಂಧ್ರ ಹಬ್ಬಿದ್ದಕ್ಕೆ ಹತೋಟಿಯಲ್ಲಿಲ್ಲದ ಶುಗರ್ ಜೊತೆ ಬೇಕಾಬಿಟ್ಟಿ ಸ್ಟೀರಾಯ್ಡೂ ಕಾರಣ ಆಯಿತು.

"ಅದೆಲ್ಲ ಸರಿಯಮ್ಮ, ತಿನ್ನೋದು ಏನು ಅಂತ ಹೇಳಲೇ ಇಲ್ಲ" ಅಂತ ಚಿಕ್ಕಮ್ಮ ಬಿಡೋದಿಲ್ಲ. ಹೇಳುತ್ತೇನೆ. ಊಟ.

ಸುಮ್ನೆ ಹೇಳುತ್ತಿಲ್ಲ. ಜಾರ್ಖಂಡ್‌ನಲ್ಲಿ ರೇಷನ್ಸ್ ಅನ್ನೋ ಹೆಸರಿನ ಒಂದು ದೊಡ್ಡ ಪ್ರಯೋಗ ನಡೆಯಿತು. ಅದನ್ನು ಮುನ್ನಡೆಸಿದವರು ಮಂಗಳೂರಿನ ಯೆನೆಪೋಯ ಮೆಡಿಕಲ್ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ. ಕ್ಷಯ ಬಂದವರ ಮನೆಯ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ಎರಡು ಗುಂಪು ಮಾಡಿದರು. ರೋಗಿಗೆ ಎರಡೂ ಕಡೆ ಆಹಾರದ ಕಿಟ್ ಕೊಟ್ಟರು. ಒಂದು ಗುಂಪಿನಲ್ಲಿ ಮಾತ್ರ ಮನೆಯ ಉಳಿದವರಿಗೂ ಅಕ್ಕಿ, ಬೇಳೆ, ವಿಟಮಿನ್ ಮಾತ್ರೆ ಕೊಟ್ಟರು. 2023ರಲ್ಲಿ ಫಲಿತಾಂಶ ಬಂತು. ಆ ಗುಂಪಿನಲ್ಲಿ ಹೊಸದಾಗಿ ಕ್ಷಯ ಬರುವುದು ನೂರಕ್ಕೆ ನಲವತ್ತರ ಹತ್ತಿರ ಕಮ್ಮಿಯಾಗಿತ್ತು. ಇಷ್ಟು ಫಲ ಕೊಟ್ಟ ಬೂಸ್ಟರ್ ಡಬ್ಬಿಯನ್ನು ನಾನಂತೂ ನೋಡಿಲ್ಲ. ಆದರೆ ಇದನ್ನು ಸರಿಯಾಗಿ ಓದಬೇಕು. ಅವರು ಹೊಟ್ಟೆಗೆ ಸಾಲದಿದ್ದ ಜನ. ಕೊರತೆ ತುಂಬಿದ್ದಕ್ಕೆ ವ್ಯವಸ್ಥೆ ತನ್ನ ಕೆಲಸ ತಾನು ಮಾಡಿತು. ತುಂಬಿದ ಹೊಟ್ಟೆಯವರು ಅದರ ಮೇಲೆ ಇನ್ನೊಂದು ಜಿಂಕ್ ಮಾತ್ರೆ, ಇನ್ನೊಂದು ಪ್ರೋಟೀನ್ ಪುಡಿ ಹಾಕಿಕೊಂಡರೆ ಅದೇ ಲಾಭ ಸಿಗುತ್ತದೆ ಅಂತ ಈ ಪ್ರಯೋಗ ಹೇಳುವುದಿಲ್ಲ.

ಉಳಿದದ್ದು ನಿಮಗೇ ಗೊತ್ತಿರುವಂಥದ್ದು. ನಿದ್ದೆ, ಶುಗರ್ ಹತೋಟಿ, ಬೀಡಿ ಸಿಗರೇಟು ಬಿಡುವುದು, ಲಸಿಕೆ. ಲಸಿಕೆ ಬಗ್ಗೆ ಒಂದು ಮಾತು: ಯಾವ ರೋಗಾಣು ಅಂತ ಗುರುತು ಹಿಡಿದು ಕಲಿಸುವುದು ಅದೊಂದೇ. ತೋಳು ಊದಿ ಒಂದು ದಿನ ಜ್ವರ ಬಂದು ಇಳಿಯುತ್ತದಲ್ಲ, ಶುರುವಾಗಿ ನಿಲ್ಲುವ ಆ ಇಡೀ ಕಥೆ ಅಲ್ಲಿ ಚಿಕ್ಕದಾಗಿ ನಡೆದಿರುತ್ತದೆ.

ಇನ್ನು ಅಮೃತಬಳ್ಳಿ. ಇದನ್ನು ಹೇಳಿದರೆ ಕೆಲವರಿಗೆ ಕೋಪ ಬರುತ್ತದೆ, ಆದರೂ ಹೇಳಬೇಕು. ಕೊರೊನಾ ಕಾಲದಲ್ಲಿ ಅಮೃತಬಳ್ಳಿ ಕಷಾಯ, ಮಾತ್ರೆ ತಗೊಂಡು ಯಕೃತ್ತಿಗೆ ಪೆಟ್ಟಾದ ರೋಗಿಗಳ ಬಗ್ಗೆ ಮುಂಬೈಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಅದರ ಲಕ್ಷಣ ಆಟೊಇಮ್ಯೂನ್ ಹೆಪಟೈಟಿಸ್ ತರಹ ಇತ್ತು. ಅಂದರೆ ನಮ್ಮ ರೋಗನಿರೋಧಕ ಕೋಶಗಳೇ ಯಕೃತ್ತಿನ ಮೇಲೆ ಬಿದ್ದಂತೆ. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ, ಅದೇ ಜಾತಿಯ ಬೇರೆ ಬಳ್ಳಿ ಬಳಸಿರಬಹುದು ಅಂದಿತು. ಇರಬಹುದು. ಬಳ್ಳಿ ಗುರುತಿಸುವುದು ನನ್ನ ಕಸುಬಲ್ಲ. ನಾನು ಕೇಳುವುದು ಇಷ್ಟೇ: ನೀವು ಕುಡಿಯುವ ಕಷಾಯ ನಿಜವಾಗಿಯೂ ಇಮ್ಯೂನಿಟಿಯನ್ನು ಕೆದಕುತ್ತದೆ ಅಂತಾದರೆ ಅದನ್ನು ಔಷಧಿಯ ಹಾಗೆ ಅಳತೆ ಮಾಡಿ, ಹುಷಾರಾಗಿ ತಗೋಬೇಕು ಅಲ್ವಾ? ಕೆದಕುವುದಿಲ್ಲ ಅಂತಾದರೆ ದಿನಾ ಯಾಕೆ ತಗೋಬೇಕು? ಶುಂಠಿ, ಮೆಣಸು, ಬೆಲ್ಲದ ಕಷಾಯದ ಬಗ್ಗೆ ನನ್ನದೇನೂ ತಕರಾರಿಲ್ಲ. ಗಂಟಲಿಗೆ ಹಿತ. ನೆಗಡಿಯಾದಾಗ ನಾನೂ ಮಾಡಿಕೊಂಡು ಕುಡಿಯುತ್ತೇನೆ.

ಒಂದು ಗುಂಪಿನವರಿಗೆ ಮಾತ್ರ ಈ ಉತ್ತರವನ್ನು ಒತ್ತಿ ಹೇಳುತ್ತೇನೆ. ರುಮಟಾಯ್ಡ್ ಸಂಧಿವಾತ, ಸೋರಿಯಾಸಿಸ್, ಲೂಪಸ್ ಇರುವವರು, ಕಿಡ್ನಿ ಕಸಿ ಮಾಡಿಸಿಕೊಂಡವರು. ಇವರಲ್ಲಿ ಬಹಳ ಜನ ಇಮ್ಯೂನಿಟಿಯನ್ನು ತಗ್ಗಿಸುವ ಔಷಧಿಯ ಮೇಲಿರುತ್ತಾರೆ. ಕೆಲವರು ಟಿಎನ್‌ಎಫ್ ತಡೆಯುವ ದುಬಾರಿ ಇಂಜೆಕ್ಷನ್ ತಗೊಳ್ಳುತ್ತಿರುತ್ತಾರೆ. ನಾನು ಲ್ಯಾಬಿನಲ್ಲಿ ಕೋಶಗಳಿಗೆ ಹಾಕುತ್ತೇನೆ ಅಂದೆನಲ್ಲ, ಅದೇ ಟಿಎನ್‌ಎಫ್. ಬೆಳಿಗ್ಗೆ ಆ ಇಂಜೆಕ್ಷನ್, ರಾತ್ರಿ ಹಾಲಿಗೆ ಒಂದು ಚಮಚ ಬೂಸ್ಟರ್ ಪುಡಿ. ಇಂಥವರನ್ನು ನಾನು ನಮ್ಮ ಬಳಗದಲ್ಲೇ ನೋಡಿದ್ದೇನೆ. ಕೇಳಿದರೆ, ಅದು ಕಾಯಿಲೆಗೆ, ಇದು ಶಕ್ತಿಗೆ ಅನ್ನುತ್ತಾರೆ. ನೀವು ಅವರಲ್ಲಿ ಒಬ್ಬರಾಗಿದ್ದರೆ ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಆ ಡಬ್ಬಿಯನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ.